ನೀರು ನೋಡಿ ಮೀನು ಆರಿಸಿ: ಮನೆಯ ಮಿಶ್ರ ಅಕ್ವೇರಿಯಂಗೆ ಹೊಂದುವ ಮೀನುಗಳು, ರೋಗ ತಡೆಯುವ ಕ್ರಮಗಳು

ಅಕ್ವೇರಿಯಂ ಅಂಗಡಿಯಲ್ಲಿ ಮೀನು ಕೊಳ್ಳುವವರು ಹೆಚ್ಚಾಗಿ ಕೇಳುವುದು, ಈ ಎರಡು ಜಾತಿಗಳು ಒಂದೇ ತೊಟ್ಟಿಯಲ್ಲಿ ಕಚ್ಚಾಡದೆ ಇರುತ್ತವೆಯೇ ಎಂಬ ಒಂದೇ ಪ್ರಶ್ನೆಯನ್ನು. ಅದು ಕೇಳಲೇಬೇಕಾದ ಪ್ರಶ್ನೆ, ಆದರೆ ಸರದಿಯಲ್ಲಿ ಅದಕ್ಕೆ ಮೂರನೆಯ ಜಾಗ. ನಮ್ಮ ಮನೆಯ ನಲ್ಲಿಯ ನೀರು ಆ ಮೀನಿಗೆ ಒಗ್ಗುತ್ತದೆಯೇ ಎಂಬುದು ಮೊದಲನೆಯದು. ನಮ್ಮ ಊರಿನ ಚಳಿ ಮತ್ತು ಸೆಕೆಯಲ್ಲಿ ತೊಟ್ಟಿಯ ನೀರು ಮುಟ್ಟುವ ಉಷ್ಣತೆಯನ್ನು ಅದು ತಾಳಿಕೊಳ್ಳುತ್ತದೆಯೇ ಎಂಬುದು ಎರಡನೆಯದು. ಬೇರೆ ಬೇರೆ ನೀರು ಬೇಡುವ ಎರಡು ಸಾಧು ಮೀನುಗಳನ್ನು ಒಟ್ಟಿಗೆ ಬಿಟ್ಟರೆ ಜಗಳವೇನೂ ಆಗುವುದಿಲ್ಲ. ಎರಡರಲ್ಲಿ ಒಂದು ಮಾತ್ರ ತಿಂಗಳುಗಟ್ಟಲೆ ಒಗ್ಗದ ನೀರಿನಲ್ಲಿ ದಿನ ದೂಡಿ, ಸೊರಗಿ, ಕೊನೆಗೆ ಬಿಳಿಚುಕ್ಕೆ ರೋಗಕ್ಕೋ ರೆಕ್ಕೆ ಕೊಳೆತಕ್ಕೋ ತುತ್ತಾಗುತ್ತದೆ, ನಾವು ಆಗ ಔಷಧಕ್ಕಾಗಿ ಅಂಗಡಿಗೆ ಓಡುತ್ತೇವೆ. ಮನೆಯ ತೊಟ್ಟಿಗಳಲ್ಲಿ ಕಾಣುವ ರೋಗಗಳಲ್ಲಿ ಬಹುಪಾಲನ್ನು ಆಯ್ಕೆಯ ಹಂತದಲ್ಲಿಯೇ ತಡೆಯಬಹುದು. ಆದ್ದರಿಂದ ಈ ಹೋಲಿಕೆಯನ್ನು ಮೀನುಗಳ ಬಣ್ಣದಿಂದ ಶುರುಮಾಡದೆ ನೀರಿನಿಂದ ಶುರುಮಾಡುತ್ತಿದ್ದೇನೆ.

ನಲ್ಲಿಯಲ್ಲಿ ಬರುವುದು ಯಾವ ನೀರು?

ಬೆಂಗಳೂರಿನಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನೀರಿನ ಗುಣ ಬದಲಾಗುತ್ತದೆ. ಕಾವೇರಿ ಸಂಪರ್ಕವಿರುವ ಮನೆಗೆ ಬರುವುದು ಹೋಲಿಕೆಯಲ್ಲಿ ಮೆದುವಾದ, ಕ್ಲೋರಿನ್ ಬೆರೆಸಿದ ನೀರು. ಬೋರ್‌ವೆಲ್ಲನ್ನೋ ಟ್ಯಾಂಕರನ್ನೋ ನಂಬಿರುವ ಮನೆಗೆ ಬರುವುದು ಜನ ಉಪ್ಪು ನೀರು ಎಂದು ಕರೆಯುವ ಗಡಸು ನೀರು: ಅದರಲ್ಲಿ ಸೋಪು ಸರಿಯಾಗಿ ನೊರೆಗಟ್ಟುವುದಿಲ್ಲ, ನಲ್ಲಿಯ ಬಾಯಿಯಲ್ಲಿ ಬಿಳಿ ಕಿಟ್ಟ ಕೂರುತ್ತದೆ, ಗೀಸರಿನ ಕಾಯಿಲ್ ಮೇಲೆ ಸುಣ್ಣದ ಪದರ ಬೆಳೆಯುತ್ತದೆ. ಬಯಲುಸೀಮೆಯ ಕೊಳವೆಬಾವಿಗಳಲ್ಲಿ ಹೆಚ್ಚಿನವು ಇಂಥವೇ. ಕರಾವಳಿ ಮತ್ತು ಮಲೆನಾಡಿನ ತೆರೆದ ಬಾವಿಗಳ ನೀರು ಇದಕ್ಕೆ ವಿರುದ್ಧವಾಗಿ ಸಾಮಾನ್ಯವಾಗಿ ಮೆದುವಾಗಿದ್ದು, ಮುರಕಲ್ಲಿನ ನೆಲದಲ್ಲಿ ತುಸು ಆಮ್ಲೀಯವೂ ಆಗಿರುತ್ತದೆ.

ಇಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಮೊದಲನೆಯದು ಅಪಾರ್ಟ್‌ಮೆಂಟುಗಳ ಸಾಫ್ಟನರ್ ಘಟಕ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ. ಸೋಪು ನೊರೆ ಬರುತ್ತದೆ, ಬಟ್ಟೆ ಶುಭ್ರವಾಗುತ್ತದೆ, ಆದರೆ ಕರಗಿದ ಲವಣಗಳ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ಅಮೆಜಾನ್ ಕೊಳ್ಳದ ಮೆದು ನೀರಿನ ಮೀನಿಗೆ ಇದು ಮೆದು ನೀರಲ್ಲ; ಕ್ಯಾಲ್ಸಿಯಂ ಬೇಡುವ ಮೋಲಿಯಂಥ ಮೀನಿಗೆ ಬೇಕಾದ ಗಡಸು ನೀರೂ ಅಲ್ಲ. ಸಾಧ್ಯವಿದ್ದರೆ ಸಾಫ್ಟನರಿಗೆ ಹೋಗುವ ಮುಂಚಿನ ನಲ್ಲಿಯಿಂದ ನೀರು ಹಿಡಿಯುವುದು ಒಳ್ಳೆಯದು. ಎರಡನೆಯದು ಟಿಡಿಎಸ್ ಮೀಟರ್. ಅದು ತೋರಿಸುವುದು ಕರಗಿದ ಎಲ್ಲ ಲವಣಗಳ ಅಂದಾಜನ್ನು, ಗಡಸುತನವನ್ನಲ್ಲ. ಗಡಸುತನ ತಿಳಿಯಲು ಹನಿ ಹಾಕಿ ನೋಡುವ ಪರೀಕ್ಷಾ ಕಿಟ್ ಬೇಕು. ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ), ಅಮೋನಿಯಾ ಮತ್ತು ನೈಟ್ರೈಟ್ ಕಿಟ್‌ಗಳ ಜೊತೆಗೆ ಇದನ್ನೂ ಕೊಂಡರೆ, ಮೊದಲ ಮೀನಿಗಿಂತ ಮುಂಚೆ ಮಾಡುವ ಈ ಖರ್ಚು ಮುಂದೆ ಹಲವು ಔಷಧದ ಬಾಟಲಿಗಳನ್ನು ಉಳಿಸುತ್ತದೆ.

ನೀರನ್ನು ಮೀನಿಗೆ ತಕ್ಕಂತೆ ಬದಲಾಯಿಸಬಾರದೇ ಎಂದು ಕೇಳಬಹುದು. ಆರ್‌ಒ ನೀರನ್ನು ನಲ್ಲಿ ನೀರಿಗೆ ಬೆರೆಸಿ ಗಡಸುತನ ಇಳಿಸಬಹುದು. ಅದು ಸರಿಯಾದ ಕ್ರಮವೇ. ಆದರೆ ಪ್ರತಿ ವಾರ ನೀರು ಬದಲಿಸುವಾಗಲೂ ಅದೇ ಪ್ರಮಾಣದಲ್ಲಿ ಬೆರೆಸುವ ಶಿಸ್ತು ಬೇಕು. ಬರೀ ಆರ್‌ಒ ನೀರು ತುಂಬಿದರೆ ಪಿಎಚ್ಚನ್ನು ಹಿಡಿದು ನಿಲ್ಲಿಸುವ ಕಾರ್ಬೊನೇಟ್ ಇಲ್ಲದೆ ಅದು ಒಮ್ಮೆಲೇ ಕುಸಿಯಬಹುದು. ಪಿಎಚ್ ಇಳಿಸುವ ದ್ರಾವಣಗಳನ್ನಂತೂ ಬೋರ್‌ವೆಲ್ ನೀರಿಗೆ ಹಾಕಲೇಬೇಡಿ ಎಂಬುದು ನನ್ನ ಸಲಹೆ: ಆ ನೀರಿನಲ್ಲಿರುವ ಕಾರ್ಬೊನೇಟ್ ಹಾಕಿದ ಆಮ್ಲವನ್ನು ನುಂಗಿಕೊಂಡು ಪಿಎಚ್ಚನ್ನು ಬೇಗನೆ ಮತ್ತೆ ಮೇಲಕ್ಕೆ ತರುತ್ತದೆ, ಈ ಏರಿಳಿತ ಮೀನಿಗೆ ಸ್ಥಿರವಾದ 8ರ ಪಿಎಚ್ಚಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಮೂರು ಬಗೆಯ ತೊಟ್ಟಿಗಳು

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಾಧು ಮೀನುಗಳಿಂದ ಮುಖ್ಯವಾಗಿ ಮೂರು ಬಗೆಯ ಮಿಶ್ರ ತೊಟ್ಟಿಗಳನ್ನು ಕಟ್ಟಬಹುದು: ಮರಿ ಹಾಕುವ ಮೀನುಗಳದ್ದು, ಟೆಟ್ರಾ ಮತ್ತು ಕೋರಿಡೋರಸ್‌ಗಳದ್ದು, ನಮ್ಮದೇ ಉಪಖಂಡದ ಬಾರ್ಬ್ ಮತ್ತು ಡ್ಯಾನಿಯೊಗಳದ್ದು.

ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್‌ಗಳು ಮೊದಲ ಗುಂಪಿಗೆ ಸೇರಿದವು. ಪಿಎಚ್ 7ರಿಂದ 8ರವರೆಗಿನ ಗಡಸು ನೀರು ಇವಕ್ಕೆ ಹಿತ. ಆದ್ದರಿಂದ ಬೋರ್‌ವೆಲ್ ಮನೆಗಳಿಗೆ ಇದಕ್ಕಿಂತ ಸಹಜವಾದ ಆಯ್ಕೆ ಇಲ್ಲ. ಮೆದು ನೀರಿನಲ್ಲಿ ಮೋಲಿಯನ್ನು ಸಾಕಿದರೆ ಅದು ರೆಕ್ಕೆ ಮುದುಡಿಕೊಂಡು ನಿಂತಲ್ಲಿಯೇ ಮೈಯನ್ನು ಅಡ್ಡಡ್ಡ ನಡುಗಿಸುತ್ತಿರುತ್ತದೆ. ಹಲವರು ಇದನ್ನು ರೋಗವೆಂದು ತಿಳಿದು ಮೆಥಿಲಿನ್ ಬ್ಲೂ ಎಂಬ ನೀಲಿ ಔಷಧ ಸುರಿಯುತ್ತಾರೆ, ಆದರೆ ಅದಕ್ಕೆ ಕೊರತೆಯಾಗಿರುವುದು ನೀರಿನ ಖನಿಜಗಳು. ಇವುಗಳಲ್ಲಿಯೇ ಆರಿಸಬೇಕಾದರೆ ಹೊಸಬರಿಗೆ ನಾನು ಗಪ್ಪಿಗಿಂತ ಮೊದಲು ಪ್ಲಾಟಿಯನ್ನು ಹೇಳುತ್ತೇನೆ. ಉದ್ದ ಬಾಲದ ಅಲಂಕಾರಿಕ ಗಪ್ಪಿ ತಳಿಗಳನ್ನು ಬಣ್ಣಕ್ಕಾಗಿ ಒಂದೇ ಕುಟುಂಬದೊಳಗೆ ತಲೆಮಾರುಗಳಿಂದ ಕೂಡಿಸಿರುವುದರಿಂದ ಅವು ಹಳೆಯ ಗಟ್ಟಿ ಗಪ್ಪಿಗಳಷ್ಟು ತಾಳಿಕೆಯವಲ್ಲ, ಸಾಗಣೆಯ ಒತ್ತಡಕ್ಕೆ ಬೇಗ ಕಾಯಿಲೆ ಬೀಳುತ್ತವೆ. ಪ್ಲಾಟಿ ಸ್ವಲ್ಪ ಚಳಿಯನ್ನೂ ತಡೆಯುತ್ತದೆ.

ಈ ಗುಂಪಿನ ತೊಂದರೆ ಎಂದರೆ ಸಂತಾನ. ಹೆಣ್ಣು ಗಪ್ಪಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಳ ಕಾಲ ದೇಹದಲ್ಲಿ ಉಳಿಸಿಕೊಂಡು, ಗಂಡಿಲ್ಲದೆಯೂ ಮತ್ತೆ ಮತ್ತೆ ಹೆರುತ್ತದೆ. ಗಂಡು ಹೆಚ್ಚಿದ್ದರೆ ಹೆಣ್ಣುಗಳಿಗೆ ಬಿಡುವಿಲ್ಲದ ಕಾಟ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಎಂಬ ಲೆಕ್ಕವನ್ನು ಪಾಲಿಸಬೇಕು, ಇಲ್ಲವೇ ಮರಿಗಳೇ ಬೇಡವೆನ್ನುವವರು ಬರೀ ಗಂಡುಗಳ ತೊಟ್ಟಿ ಇಡಬೇಕು. ಇದನ್ನು ಯೋಚಿಸದವರ ಮನೆಯಲ್ಲಿ ಆರು ತಿಂಗಳೊಳಗೆ ಮೀನುಗಳ ಸಂಖ್ಯೆ ತೊಟ್ಟಿಯ ಶಕ್ತಿಯನ್ನು ಮೀರಿ, ಅಲ್ಲಿಂದ ಮುಂದಿನದೆಲ್ಲ ರೋಗದ ಕಥೆಯಾಗುತ್ತದೆ.

ಎರಡನೆಯ ಗುಂಪು ದಕ್ಷಿಣ ಅಮೆರಿಕದ್ದು. ನಿಯಾನ್ ಟೆಟ್ರಾಗಳ ಹಿಂಡು ನೀಲಿ ಗೆರೆ ಮಿನುಗಿಸುತ್ತ ಗಿಡಗಳ ನಡುವೆ ಸಾಗುವುದಕ್ಕಿಂತ ಸುಂದರವಾದದ್ದು ಸಿಹಿನೀರಿನ ತೊಟ್ಟಿಯಲ್ಲಿ ಕಡಿಮೆ, ಆ ಆಸೆಯನ್ನು ನಾನು ಬಲ್ಲೆ. ಆದರೆ ನಿಯಾನ್‌ಗೆ ಬೇಕಾದ್ದು ಮೆದುವಾದ, ಪಿಎಚ್ 7ಕ್ಕಿಂತ ಕೆಳಗಿನ, 21ರಿಂದ 25 ಡಿಗ್ರಿ ಸೆಲ್ಸಿಯಸ್‌ನ ನೀರು. ಇಂದು ಮಾರಾಟವಾಗುವ ನಿಯಾನ್‌ಗಳಲ್ಲಿ ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವಾದ್ದರಿಂದ ಸಾಧಾರಣ ಗಡಸುತನವನ್ನು ಸಹಿಸುತ್ತವೆ, ಹಾಗಾಗಿ ಕಾವೇರಿ ನೀರಿನಲ್ಲಿ ಅವನ್ನು ಸಾಕಲು ಅಡ್ಡಿಯಿಲ್ಲ. ಸಾವಿರದ ಆಸುಪಾಸು ಟಿಡಿಎಸ್ ಇರುವ ಬೋರ್‌ವೆಲ್ ನೀರಿನಲ್ಲಿ ಮಾತ್ರ ಬೇಡ. ತಲೆಯ ಬಳಿಯಿಂದ ಬಾಲದವರೆಗೂ ಕೆಂಪು ಗೆರೆ ಇರುವ ಕಾರ್ಡಿನಲ್ ಟೆಟ್ರಾ ಇನ್ನೂ ಮೆದು ನೀರನ್ನೂ ಇನ್ನೂ ಹೆಚ್ಚಿನ ಬಿಸಿಯನ್ನೂ ಬೇಡುತ್ತದೆ. ತಳದಲ್ಲಿ ಓಡಾಡುವ ಕೋರಿಡೋರಸ್‌ಗಳು ಈ ಟೆಟ್ರಾಗಳಿಗೆ ಒಳ್ಳೆಯ ಜೊತೆ. ಮೀಸೆಯಿಂದ ನೆಲ ಕೆದಕಿ ತಿನ್ನುವ ಅವಕ್ಕೆ ಚೂಪು ಜಲ್ಲಿ ಬೇಡ, ನಯವಾದ ಮರಳು ಬೇಕು. ಎರಡೂ ಹಿಂಡಿನ ಜೀವಿಗಳು: ಆರಕ್ಕಿಂತ ಕಡಿಮೆ ತರಬಾರದು, ಟೆಟ್ರಾಗಳಾದರೆ ಎಂಟು ಹತ್ತು ಇದ್ದರೆ ಇನ್ನೂ ಒಳ್ಳೆಯದು. ಎರಡೇ ನಿಯಾನ್ ತಂದು ಬಿಟ್ಟರೆ ಅವು ಗಿಡದ ಮರೆಯಿಂದ ಹೊರಬರುವುದಿಲ್ಲ, ಸರಿಯಾಗಿ ತಿನ್ನುವುದೂ ಇಲ್ಲ. ಇವನ್ನು ಹೊಸ ತೊಟ್ಟಿಗೆ ಬಿಡಬಾರದು, ಎರಡು ಮೂರು ತಿಂಗಳು ಪಳಗಿದ ತೊಟ್ಟಿಗೇ ತರಬೇಕು (ಪಳಗಿಸುವುದು ಹೇಗೆಂದು ಮುಂದೆ ಹೇಳಿದ್ದೇನೆ).

ಮೂರನೆಯ ಗುಂಪಿಗೆ ನಮ್ಮ ಹವ್ಯಾಸಿಗಳು ಕೊಡಬೇಕಾದಷ್ಟು ಮನ್ನಣೆ ಕೊಟ್ಟಿಲ್ಲ. ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಜೇನುಬಣ್ಣದ ಹನಿ ಗೌರಾಮಿ ಇವೆಲ್ಲ ಭಾರತ ಉಪಖಂಡದ ಮೀನುಗಳು. ಮೆಲನ್ ಬಾರ್ಬ್ ಅಂತೂ ಕರ್ನಾಟಕವನ್ನೂ ಒಳಗೊಂಡ ಪಶ್ಚಿಮ ಘಟ್ಟದ ಹೊಳೆಗಳದ್ದು. ಡ್ಯಾನಿಯೊ ಮತ್ತು ರೋಸಿ ಬಾರ್ಬ್‌ಗಳು 18ರಿಂದ 24 ಡಿಗ್ರಿಯ ನೀರಿನಲ್ಲಿ ಹಾಯಾಗಿರುವುದರಿಂದ, ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಹೊರಗಿನ ಉಷ್ಣತೆ 15–16 ಡಿಗ್ರಿಗೆ ಇಳಿಯುವ ಬೆಂಗಳೂರು, ಮೈಸೂರುಗಳಲ್ಲಿ ಹೀಟರ್ ಇಲ್ಲದೆಯೇ ಮನೆಯೊಳಗೆ ಇವನ್ನು ಸಾಕಬಹುದು. ಮೆದು ನೀರಾಗಲಿ ಸಾಧಾರಣ ಗಡಸು ನೀರಾಗಲಿ, ಎರಡಕ್ಕೂ ಇವು ಒಗ್ಗಿಕೊಳ್ಳುತ್ತವೆ. ಹೊಸಬರು ಯಾವುದನ್ನು ಆರಿಸಬೇಕೆಂದು ಕೇಳಿದರೆ, ಕಾವೇರಿ ನೀರಿನ ಮನೆಗೆ ನಾನು ಮೊದಲು ಹೇಳುವುದು ಎಂಟು ಡ್ಯಾನಿಯೊ ಮತ್ತು ಆರು ರೋಸಿ ಬಾರ್ಬ್‌ಗಳ ಮೂರಡಿ ತೊಟ್ಟಿಯನ್ನು. ಎರಡು ಎಚ್ಚರಿಕೆಗಳು ಮಾತ್ರ: ಡ್ಯಾನಿಯೊ ಜಿಗಿಯುತ್ತದೆ, ಮುಚ್ಚಳ ಕಡ್ಡಾಯ, ರೋಸಿ ಬಾರ್ಬ್ ಮೆದು ಎಲೆಯ ಗಿಡಗಳನ್ನು ಮೇಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಈ ತಂಪು ಬಯಸುವ ಮೀನುಗಳಿಗಿಂತ ಗೌರಾಮಿ ಮೇಲು, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಮೇಲ್ಮೈಗೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಗೌರಾಮಿಗಳಲ್ಲಿಯೂ ನೀಲಿ–ಕೆಂಪು ಪಟ್ಟೆಯ ಡ್ವಾರ್ಫ್ ಗೌರಾಮಿಯನ್ನು ಬಿಟ್ಟು ಹನಿ ಗೌರಾಮಿಯನ್ನೇ ಆರಿಸಿ. ವ್ಯಾಪಾರಕ್ಕಾಗಿ ದೊಡ್ಡ ಪ್ರಮಾಣದಲ್ಲಿ ಬೆಳೆಸಿದ ಡ್ವಾರ್ಫ್ ಗೌರಾಮಿಗಳಲ್ಲಿ ಇರಿಡೊವೈರಸ್ ಸೋಂಕು ವ್ಯಾಪಕವಾಗಿದ್ದು, ಅದಕ್ಕೆ ಮದ್ದಿಲ್ಲ.

ಪಶ್ಚಿಮ ಘಟ್ಟದ ಇನ್ನೊಂದು ಮೀನು, ಮಿಸ್ ಕೇರಳ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಡೆನಿಸನ್ ಬಾರ್ಬ್ ಬಗ್ಗೆ ಹಲವರು ಕೇಳುತ್ತಾರೆ. ಕೇರಳ ಮತ್ತು ಕರ್ನಾಟಕದ ಹೊಳೆಗಳಿಗಷ್ಟೇ ಸೀಮಿತವಾದ ಈ ಮೀನು ಅಲಂಕಾರಿಕ ಮೀನಿನ ವ್ಯಾಪಾರಕ್ಕಾಗಿ ಅತಿಯಾಗಿ ಹಿಡಿಯಲ್ಪಟ್ಟು ಇಂದು ಅಳಿವಿನಂಚಿನ ಜಾತಿಗಳ ಪಟ್ಟಿಯಲ್ಲಿದೆ. ನಾಲ್ಕು ಇಂಚು ದಾಟಿ ಬೆಳೆಯುವ, ಹರಿಯುವ ನೀರು ಬೇಡುವ ಹಿಂಡಿನ ಮೀನಾದ್ದರಿಂದ ಸಾಧಾರಣ ಮನೆಯ ತೊಟ್ಟಿಗೆ ಅದು ಹೊಂದುವುದೂ ಇಲ್ಲ.

ಜೊತೆಗೂಡದ ಜೋಡಿಗಳು

ಗೋಲ್ಡ್‌ಫಿಶ್ಶನ್ನು ಈ ಮೂರೂ ಗುಂಪುಗಳ ಹೊರಗೆ ಇಡಬೇಕು. ಅದು ತಂಪು ನೀರಿನ ಮೀನು, ಅಂಗೈ ಅಗಲ ಬೆಳೆಯುತ್ತದೆ, ತಿಂದಷ್ಟೂ ಕಸ ಮಾಡುತ್ತದೆ, ಬಾಯಿಗೆ ಹಿಡಿಯುವ ಪುಟ್ಟ ಮೀನನ್ನು ನುಂಗುತ್ತದೆ. ಗಾಜಿನ ಬುರುಡೆಯಲ್ಲಿ ಒಂದು ಗೋಲ್ಡ್‌ಫಿಶ್ ಇಡುವುದು ಅದನ್ನು ನಿಧಾನವಾಗಿ ವಿಷದಲ್ಲಿ ಮುಳುಗಿಸಿಟ್ಟಂತೆ. ಫಿಲ್ಟರ್ ಇಲ್ಲದ ಅಷ್ಟು ಕಡಿಮೆ ನೀರಿನಲ್ಲಿ ಅದರದೇ ಅಮೋನಿಯಾ ಅದನ್ನು ಕೊಲ್ಲುತ್ತದೆ.

ಏಂಜೆಲ್ ಮತ್ತು ನಿಯಾನ್‌ಗಳನ್ನು ಒಟ್ಟಿಗೆ ಮಾರುವ ರೂಢಿ ಇದೆ. ಎರಡಕ್ಕೂ ಹಿಡಿಸುವ ನೀರು ಬಹುಮಟ್ಟಿಗೆ ಒಂದೇ ಆದ್ದರಿಂದ ಸಲಹೆ ಸರಿಯೆಂದೇ ತೋರುತ್ತದೆ. ಕೊಳ್ಳುವಾಗ ಎರಡು ರೂಪಾಯಿ ನಾಣ್ಯದಷ್ಟಿರುವ ಏಂಜೆಲ್ 15 ಸೆಂಟಿಮೀಟರ್‌ವರೆಗೆ ಬೆಳೆದಾಗ, ಮೂರು ನಾಲ್ಕು ಸೆಂಟಿಮೀಟರಿನ ನಿಯಾನ್ ಅದಕ್ಕೆ ಆಹಾರ. ನಿಯಾನ್‌ಗಳು ಒಂದೊಂದಾಗಿ ರಾತ್ರಿ ಕಾಣೆಯಾಗುವುದಕ್ಕೆ ಮನೆಯವರು ಬೇರೆ ಕಾರಣ ಹುಡುಕುತ್ತಾರೆ.

ಟೈಗರ್ ಬಾರ್ಬ್‌ಗಳ ವರ್ತನೆಯನ್ನು ಅಂಗಡಿಯಲ್ಲಿಯೇ ನಿಂತು ನೋಡಬಹುದು. ಹಿಂಡಿನಲ್ಲಿದ್ದರೆ ಅವು ಪರಸ್ಪರ ಅಟ್ಟಾಡುತ್ತ, ಬಾಲಕ್ಕೆ ಬಾಯಿ ಹಾಕುತ್ತ ಅಧಿಕಾರದ ಪೈಪೋಟಿಯನ್ನು ತಮ್ಮೊಳಗೇ ಮುಗಿಸಿಕೊಳ್ಳುತ್ತವೆ. ಎರಡು ಮೂರನ್ನು ಮಾತ್ರ ತಂದು ಗೌರಾಮಿಯ ಜೊತೆ ಬಿಟ್ಟರೆ, ಅವು ಮೊದಲು ಹುಡುಕುವುದು ಗೌರಾಮಿಯ ಎದೆಯ ಕೆಳಗೆ ದಾರದಂತೆ ಇಳಿಬಿದ್ದ ರೆಕ್ಕೆಗಳನ್ನು. ಒಂದೇ ವಾರದಲ್ಲಿ ಆ ದಾರಗಳು ತುಂಡಾಗುತ್ತವೆ, ತುಂಡಾದ ತುದಿ ಬಿಳಿಚಿಕೊಂಡು ಕೊಳೆಯತೊಡಗುತ್ತದೆ. ಆಗ ರೆಕ್ಕೆ ಕೊಳೆತಕ್ಕೆ ಔಷಧ ಹಾಕುವುದರಿಂದ ಏನೂ ಆಗದು, ಬಾರ್ಬ್‌ಗಳನ್ನು ಬೇರೆ ಮಾಡಬೇಕು. ಎಂಟು ಹತ್ತರ ಹಿಂಡು, ಉದ್ದ ರೆಕ್ಕೆಯಿಲ್ಲದ ಜೊತೆಗಾರರು, ಇಷ್ಟಿದ್ದರೆ ಟೈಗರ್ ಬಾರ್ಬ್ ಒಳ್ಳೆಯ ಮೀನೇ. ಫೈಟರ್ ಎಂದೂ ಕರೆಯುವ ಬೆಟ್ಟಾ ಮೀನಿನ ಗಂಡುಗಳ ವಿಷಯ ಇನ್ನೂ ಸರಳ: ಎರಡು ಗಂಡು ಒಟ್ಟಿಗೆ ಬೇಡ, ಉದ್ದ ಬಾಲದ ಗಪ್ಪಿಗಳ ಜೊತೆಯೂ ಬೇಡ.

ತೊಟ್ಟಿ ಶುಚಿ ಮಾಡುತ್ತದೆ ಎಂದು ಹೇಳಿ ಕೊಡುವ ಸಕ್ಕರ್ ಮೀನನ್ನು ದಯವಿಟ್ಟು ತರಬೇಡಿ. ಬೆರಳುದ್ದದ ಆ ಮರಿ ಒಂದಡಿಗೂ ಮೀರಿ ಬೆಳೆಯುತ್ತದೆ, ಶುಚಿ ಮಾಡುವುದಕ್ಕಿಂತ ಹೆಚ್ಚು ಹಿಕ್ಕೆ ಹಾಕುತ್ತದೆ. ಸಾಕಲಾರದವರು ಕೆರೆಗೆ ಬಿಟ್ಟದ್ದರಿಂದ ಅದು ಇಂದು ಭಾರತದ ಹಲವು ಕೆರೆ ನದಿಗಳಲ್ಲಿ ನೆಲೆಯೂರಿ ಸ್ಥಳೀಯ ಮೀನುಗಳಿಗೆ ಕಂಟಕವಾಗಿದೆ. ಪಾಚಿ ಮೇಯುವ ಮೀನು ಬೇಕೇ ಬೇಕೆಂದರೆ ಐದಾರು ಇಂಚಿಗೆ ನಿಲ್ಲುವ ಬ್ರಿಸಲ್‌ನೋಸ್ ಪ್ಲೆಕೊ ಕೇಳಿ ತನ್ನಿ. ಶಾರ್ಕ್ ಎಂದು ಮಾರುವ ಪಂಗಾಸಿಯಸ್ ಮರಿಗಳು ಒಂದು ಮೀಟರಿನಷ್ಟು ಬೆಳೆಯುವ ಮೀನುಗಳು. ಯಾವ ಮನೆಯ ತೊಟ್ಟಿಯೂ ಅವಕ್ಕೆ ಸಾಲದು. ಗಾಜಿನಂತೆ ಪಾರದರ್ಶಕವಾದ ಗ್ಲಾಸ್‌ಫಿಶ್‌ಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವುದೂ ಇದೆ. ಬಣ್ಣ ಮಾಸುತ್ತದೆ, ಚುಚ್ಚಿದ ಗಾಯದಿಂದ ಸೋಂಕು ಹತ್ತುತ್ತದೆ. ಅಂಥದ್ದನ್ನು ಕೊಳ್ಳದಿರುವುದೇ ಆ ಕ್ರೌರ್ಯ ನಿಲ್ಲುವ ದಾರಿ.

ಸಣ್ಣ ತೊಟ್ಟಿಯೇ, ದೊಡ್ಡದೇ?

ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 54 ಲೀಟರ್ ಹಿಡಿಯುತ್ತದೆ; ಮರಳು, ಕಲ್ಲು ಕಳೆದರೆ 45 ಲೀಟರ್ ಉಳಿದೀತು. ಪ್ಲಾಟಿಗಳ ಒಂದು ಪುಟ್ಟ ಗುಂಪಿಗೆ ಅಥವಾ ಎಂಟು ಹತ್ತು ನಿಯಾನ್‌ಗಳಿಗೆ ಇಷ್ಟು ಸಾಕು, ಮೂರು ಜಾತಿಗಳನ್ನು ಸೇರಿಸಲು ಸಾಲದು. ಸಣ್ಣ ತೊಟ್ಟಿಯ ನಿರ್ವಹಣೆ ಸುಲಭ ಎಂಬುದು ತಪ್ಪು ತಿಳಿವಳಿಕೆ. ನೀರು ಕಡಿಮೆಯಿದ್ದಷ್ಟೂ ಹೆಚ್ಚಾದ ಒಂದು ಚಿಟಿಕೆ ಆಹಾರವೂ ಗಮನಿಸದೆ ಬಿಟ್ಟ ಒಂದು ಸತ್ತ ಮೀನೂ ಇಡೀ ತೊಟ್ಟಿಯನ್ನು ಕೆಡಿಸುವ ವೇಗ ಹೆಚ್ಚು. ಜಾಗ ಮತ್ತು ಹಣ ಒದಗುವವರು ಮೂರಡಿಯದನ್ನೇ ಕೊಳ್ಳುವುದು ಲೇಸು.

ಮೀನು ಬರುವ ಮೊದಲಿನ ಒಂದು ತಿಂಗಳು

ಮೀನಿನ ಉಸಿರು ಮತ್ತು ಹಿಕ್ಕೆಯಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಮಾಡುತ್ತವೆ. ಈ ಜೀವಿಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಕೊಂಡ ದಿನವೇ ಹನ್ನೆರಡು ಮೀನು ತಂದು ಬಿಡುವ ಮನೆಗಳಲ್ಲಿ ಎರಡನೆಯ ವಾರದಲ್ಲಿ ಸಾಲು ಸಾವುಗಳಾಗುವುದು ಇದೇ ಕಾರಣಕ್ಕೆ.

ಅಮೋನಿಯಾದ ವಿಷ ಎಲ್ಲ ನೀರಿನಲ್ಲೂ ಒಂದೇ ತೆರನಾಗಿರುವುದಿಲ್ಲ ಎಂಬುದನ್ನು ಬೋರ್‌ವೆಲ್ ನೀರಿನವರು ವಿಶೇಷವಾಗಿ ತಿಳಿದಿರಬೇಕು. ನೀರಿನಲ್ಲಿ ಅಮೋನಿಯಾ ಎರಡು ರೂಪಗಳಲ್ಲಿರುತ್ತದೆ: ಅಷ್ಟಾಗಿ ಹಾನಿ ಮಾಡದ ಅಮೋನಿಯಂ ಅಯಾನು ಒಂದು, ಕಿವಿರುಗಳನ್ನು ಸುಡುವ ಮುಕ್ತ ಅಮೋನಿಯಾ ಇನ್ನೊಂದು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಸುಮಾರು ಶೇಕಡಾ 0.6 ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡಾ 5ನ್ನು ದಾಟುತ್ತದೆ. ಎಂದರೆ ಪರೀಕ್ಷಾ ಕಿಟ್ಟಿನ ಬಣ್ಣ ಎರಡೂ ಮನೆಗಳಲ್ಲಿ ಒಂದೇ ಆಗಿದ್ದರೂ, ಬೋರ್‌ವೆಲ್ ಮನೆಯ ಪ್ಲಾಟಿಗಳು ಎದುರಿಸುತ್ತಿರುವ ವಿಷ ಸುಮಾರು ಒಂಬತ್ತು ಪಟ್ಟು ಹೆಚ್ಚು. ಗಡಸು ನೀರಿನ ಮೀನನ್ನು ಸರಿಯಾಗಿ ಆರಿಸಿದವರು ಕೂಡ ತೊಟ್ಟಿಯನ್ನು ಪಳಗಿಸದೆ ಮೀನು ಬಿಟ್ಟರೆ ಸೋಲುವುದು ಇಲ್ಲಿಯೇ.

ಪಳಗಿಸಲು ಎರಡು ದಾರಿಗಳಿವೆ. ಮೀನಿಲ್ಲದ ತೊಟ್ಟಿಗೆ ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಫಿಲ್ಟರ್ ಓಡಿಸುತ್ತ, ಅಮೋನಿಯಾ ಮತ್ತು ನೈಟ್ರೈಟ್ ಏರಿ ಮತ್ತೆ ಸೊನ್ನೆಗೆ ಇಳಿಯುವವರೆಗೆ ಕಾಯುವುದು ಒಂದು. ರೋಗವಿಲ್ಲದ ಹಳೆಯ ತೊಟ್ಟಿಯ ಕೊಳಕು ಸ್ಪಂಜನ್ನು ಗೆಳೆಯರಿಂದ ತಂದು ನಮ್ಮ ಫಿಲ್ಟರಿಗೆ ಸೇರಿಸುವುದು ಇನ್ನೊಂದು. ಎರಡನೆಯದು ಬಹಳ ಬೇಗ ಆಗುತ್ತದೆ, ಆದರೆ ಆ ತೊಟ್ಟಿಯ ರೋಗವೂ ಜೊತೆಗೆ ಬರಬಹುದಾದ್ದರಿಂದ ಅಂಗಡಿಯ ಸ್ಪಂಜು ಬೇಡ. ಪಳಗಿದ ಮೇಲೆ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬಾರದು, ಕ್ಲೋರಿನ್ ಆ ಜೀವಿಗಳನ್ನೇ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಕಾವೇರಿ ನೀರನ್ನು ಒಂದು ದಿನ ಗಾಳಿಯಾಡಿಸಿ ಇಡಬೇಕು, ಇಲ್ಲವೇ ಆಂಟಿ ಕ್ಲೋರಿನ್ ಎಂದು ಮಾರುವ ಸೋಡಿಯಂ ಥಯೋಸಲ್ಫೇಟ್ ಬೆರೆಸಬೇಕು. ಕರೆಂಟು ಪದೇ ಪದೇ ಹೋಗುವ ಊರುಗಳಲ್ಲಿ ಬ್ಯಾಟರಿಯ ಗಾಳಿ ಪಂಪು ಮತ್ತು ಅದಕ್ಕೆ ಜೋಡಿಸಿದ ಸ್ಪಂಜ್ ಫಿಲ್ಟರ್ ತೊಟ್ಟಿಯ ಹೊರಗಿಡುವ ದುಬಾರಿ ಕ್ಯಾನಿಸ್ಟರ್ ಫಿಲ್ಟರಿಗಿಂತ ಹೆಚ್ಚು ಭರವಸೆಯದು, ಏಕೆಂದರೆ ನೀರು ಹರಿಯದೆ ಮುಚ್ಚಿದ ಕ್ಯಾನಿಸ್ಟರಿನೊಳಗಿನ ಜೀವಿಗಳು ಕೆಲವು ಗಂಟೆಗಳಲ್ಲಿ ಆಮ್ಲಜನಕವಿಲ್ಲದೆ ಸಾಯತೊಡಗುತ್ತವೆ.

ಅಂಗಡಿಯ ಮುಂದೆ ಹತ್ತು ನಿಮಿಷ, ಮನೆಯಲ್ಲಿ ಮೂರು ವಾರ

ಕರ್ನಾಟಕದ ಅಂಗಡಿಗಳಿಗೆ ಬರುವ ಮೀನುಗಳಲ್ಲಿ ಬಹಳಷ್ಟು ಚೆನ್ನೈನ ಕೊಳತ್ತೂರು ಸುತ್ತಲಿನ ಸಾಕಣೆದಾರರಿಂದ ಪಾಲಿಥೀನ್ ಚೀಲಗಳಲ್ಲಿ ರಾತ್ರಿ ಪ್ರಯಾಣ ಮಾಡಿ ಬಂದವು. ಸರಕು ಬಂದ ದಿನವೇ ಕೊಳ್ಳುವ ಆತುರ ಬೇಡ. ಅಂಗಡಿಯಲ್ಲಿ ಒಂದು ವಾರ ಉಳಿದ ಮೀನು ಒಂದು ಪರೀಕ್ಷೆ ಪಾಸಾದ ಮೀನು.

ಕೊಳ್ಳುವ ಮುಂಚೆ ಆ ತೊಟ್ಟಿಯ ಮುಂದೆ ಸುಮ್ಮನೆ ಹತ್ತು ನಿಮಿಷ ನಿಲ್ಲಿ. ಮೇಲಿನ ರೆಕ್ಕೆ ಬಿಚ್ಚಿಕೊಂಡಿದೆಯೇ ಅಥವಾ ಬೆನ್ನಿಗೆ ಅಂಟಿಕೊಂಡಿದೆಯೇ? ಹಿಂಡಿನ ಮೀನು ಹಿಂಡಿನಲ್ಲಿದೆಯೇ, ಒಂದು ಮಾತ್ರ ಮೂಲೆಯಲ್ಲಿ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದೆಯೇ? ಕಲ್ಲಿಗೋ ಗಾಜಿಗೋ ಮೈ ಉಜ್ಜುತ್ತಿದೆಯೇ? ಗಪ್ಪಿಯಾದರೆ ಗುದದ್ವಾರದಿಂದ ಕೆಂಪು ನೂಲಿನೆಳೆಗಳು ಇಣುಕುತ್ತಿವೆಯೇ, ಗೋಲ್ಡ್‌ಫಿಶ್ ಆದರೆ ಮೈಮೇಲೆ ಕಡ್ಡಿಯಂತೆ ನೇತಾಡುವ ಲಂಗರು ಹುಳುವಿದೆಯೇ ಎಂದು ನೋಡಿ. ಅಂಗಡಿಯವರಿಗೆ ಸ್ವಲ್ಪ ಆಹಾರ ಹಾಕಲು ಹೇಳಿ. ತಿನ್ನಲು ಬಾರದ ಮೀನನ್ನು ತರಬಾರದು. ತೊಟ್ಟಿಯಲ್ಲಿ ಒಂದೇ ಒಂದು ಸತ್ತ ಮೀನಿದ್ದರೂ ಅದರಲ್ಲಿರುವ ಚೆಂದದ ಮೀನನ್ನು ಬಿಟ್ಟು ಬನ್ನಿ.

ತಂದ ಮೀನನ್ನು ನೇರವಾಗಿ ಮುಖ್ಯ ತೊಟ್ಟಿಗೆ ಬಿಟ್ಟು ಮುನ್ನೆಚ್ಚರಿಕೆಯೆಂದು ಔಷಧ ಹಾಕುವುದು ಒಂದು ಕ್ರಮ, ಬೇರೆ ತೊಟ್ಟಿಯಲ್ಲಿ ಮೂರು ವಾರ ಇಟ್ಟು ನೋಡುವುದು ಇನ್ನೊಂದು. ಮೊದಲನೆಯದನ್ನು ನಾನು ಎಂದೂ ಒಪ್ಪಲಾರೆ. ಮೆಥಿಲಿನ್ ಬ್ಲೂ ಫಿಲ್ಟರಿನ ಜೀವಿಗಳಿಗೆ ಹಾನಿ ಮಾಡುತ್ತದೆ, ಗಿಡಗಳನ್ನು ಕೆಡಿಸುತ್ತದೆ. ಇಲ್ಲದ ರೋಗಕ್ಕೆ ಹಾಕಿದ ಪ್ರತಿಜೈವಿಕಗಳು ನಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾಗಳನ್ನು ಸಾಕುತ್ತವೆ. ಕ್ವಾರಂಟೈನಿಗೆ ದೊಡ್ಡ ವ್ಯವಸ್ಥೆಯೇನೂ ಬೇಡ: ಮುಚ್ಚಳವಿರುವ 25–30 ಲೀಟರಿನ ಪ್ಲಾಸ್ಟಿಕ್ ಟಬ್, ಮುಖ್ಯ ತೊಟ್ಟಿಯಲ್ಲಿ ಸದಾ ಒಂದು ಮೂಲೆಯಲ್ಲಿ ಓಡುತ್ತಿರುವ ಹೆಚ್ಚುವರಿ ಸ್ಪಂಜ್ ಫಿಲ್ಟರ್, ಬೇಕಿದ್ದರೆ ಒಂದು ಹೀಟರ್, ಅಡಗಲು ಒಂದು ತುಂಡು ಪಿವಿಸಿ ಪೈಪು. ಇದಕ್ಕೆ ಬೇರೆಯೇ ಬಲೆ, ಬೇರೆಯೇ ಕೊಳವೆ ಇರಲಿ. ನೀರು ಬದಲಿಸುವಾಗ ಕೊಳವೆಯನ್ನು ಬಾಯಿಯಿಂದ ಹೀರಬೇಡಿ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ, ಏಕೆಂದರೆ ಮೀನಿನ ಕ್ಷಯಕ್ಕೆ ಕಾರಣವಾಗುವ ಮೈಕೊಬ್ಯಾಕ್ಟೀರಿಯಂ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ.

ಚುಕ್ಕೆಯೋ, ಮಚ್ಚೆಯೋ?

ಇಷ್ಟೆಲ್ಲ ಆದ ಮೇಲೂ ರೋಗ ಬರಬಹುದು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಎರಡು ರೋಗಗಳನ್ನು ಬಿಡಿಸಿ ಗುರುತಿಸಲು ಬರಬೇಕು, ಏಕೆಂದರೆ ಒಂದಕ್ಕೆ ಮದ್ದಾಗುವ ಕ್ರಮ ಇನ್ನೊಂದನ್ನು ಉಲ್ಬಣಗೊಳಿಸುತ್ತದೆ.

ಬಿಳಿಚುಕ್ಕೆ ರೋಗದಲ್ಲಿ ಮೈ ಮತ್ತು ರೆಕ್ಕೆಗಳ ಮೇಲೆ ಪುಡಿ ಉಪ್ಪಿನ ಹರಳುಗಳಂಥ ಬಿಡಿ ಬಿಡಿ ಚುಕ್ಕೆಗಳು ಏಳುತ್ತವೆ. ಪ್ರತಿ ಚುಕ್ಕೆಯ ಕೆಳಗೂ ಚರ್ಮದೊಳಗೆ ಅಡಗಿದ ಒಂದು ಪರಾವಲಂಬಿ ಇದೆ. ಅಲ್ಲಿರುವಷ್ಟು ಕಾಲ ಯಾವ ಔಷಧವೂ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಅದು ಉದುರಿ, ತಳದಲ್ಲಿ ಕೋಶ ಕಟ್ಟಿ, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನದೊಳಗೆ ಮೀನು ಹಿಡಿಯದಿದ್ದರೆ ಸಾಯುತ್ತವೆ, ಔಷಧ ಕೆಲಸ ಮಾಡುವುದು ಈ ಈಜುವ ಹಂತದಲ್ಲಿ ಮಾತ್ರ. 25 ಡಿಗ್ರಿಯಲ್ಲಿ ಈ ಚಕ್ರ ಸುಮಾರು ಒಂದು ವಾರದೊಳಗೆ ಮುಗಿಯುತ್ತದೆ, ತಂಪು ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಆದ್ದರಿಂದ ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ 29–30ಕ್ಕೆ ತಂದು, ಗಾಳಿ ಪಂಪನ್ನು ಜೋರು ಮಾಡಿ ಚಿಕಿತ್ಸೆ ನೀಡುವುದು ರೂಢಿ. ಪ್ಲಾಟಿ, ಮೋಲಿಗಳ ತೊಟ್ಟಿಯಲ್ಲಿ ಲೀಟರಿಗೆ 2 ಗ್ರಾಂ ಕಲ್ಲುಪ್ಪನ್ನು ಒಂದೆರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿಸಿ ಸೇರಿಸಿದರೆ ಸಾಮಾನ್ಯವಾಗಿ ಸಾಕು. ಕೋರಿಡೋರಸ್ ಮತ್ತು ತಳದಲ್ಲಿರುವ ಲೋಚ್ ಮೀನುಗಳು ಉಪ್ಪನ್ನೂ ಬಿಳಿಚುಕ್ಕೆಗೆ ಹಾಕುವ ಮ್ಯಾಲಕೈಟ್ ಗ್ರೀನ್ ಔಷಧವನ್ನೂ ಅಷ್ಟಾಗಿ ಸಹಿಸುವುದಿಲ್ಲ. ಅವಿರುವ ತೊಟ್ಟಿಯಲ್ಲಿ ಔಷಧವನ್ನು ಅರ್ಧ ಪ್ರಮಾಣದಿಂದ ಶುರುಮಾಡಬೇಕು.

ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗದಲ್ಲಿ ಬಿಡಿ ಚುಕ್ಕೆಗಳಿರುವುದಿಲ್ಲ. ತುಟಿಯ ಸುತ್ತ ಹತ್ತಿಯಂಥ ಬೂದುಬಿಳಿ ಪದರ ಕಾಣಿಸುತ್ತದೆ, ಅಥವಾ ಬೆನ್ನಿನ ಮೇಲೆ ಎರಡೂ ಪಕ್ಕಕ್ಕೆ ಇಳಿದ ಮಸುಕು ಮಚ್ಚೆ ಕಾಣಿಸುತ್ತದೆ. ಇದನ್ನು ಬೂಷ್ಟು ಎಂದು ತಪ್ಪು ತಿಳಿಯುವವರೇ ಹೆಚ್ಚು. ಹೊಸದಾಗಿ ತಂದ ಗಪ್ಪಿಗಳಲ್ಲಿ ಇದು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲದು. ಈ ಬ್ಯಾಕ್ಟೀರಿಯಾಗೆ ಬಿಸಿ ನೀರೇ ಹಿತ. ಬಿಳಿಯಾದದ್ದೆಲ್ಲ ಬಿಳಿಚುಕ್ಕೆ ಎಂದುಕೊಂಡು ಹೀಟರ್ ಏರಿಸಿದರೆ ರೋಗದ ವೇಗ ಹೆಚ್ಚುತ್ತದೆ. ಇಲ್ಲಿ ಮಾಡಬೇಕಾದ್ದು ಉಷ್ಣತೆಯನ್ನು ನಿಧಾನವಾಗಿ 23–24ಕ್ಕೆ ಇಳಿಸುವುದು, ರೋಗಿಯನ್ನು ಬೇರ್ಪಡಿಸುವುದು, ಮುಖ್ಯ ತೊಟ್ಟಿಯ ನೀರನ್ನು ಹೆಚ್ಚು ಬಾರಿ ಬದಲಿಸುವುದು, ಮೀನು ಬಲ್ಲ ಪಶುವೈದ್ಯರ ಸಲಹೆಯಂತೆ ಪ್ರತಿಜೈವಿಕ ಕೊಡುವುದು.

ಮೈಮೇಲೆ ಚಿನ್ನದ ಧೂಳು ಉದುರಿಸಿದಂತೆ ಕಂಡರೆ ಅದು ವೆಲ್ವೆಟ್. ದೀಪ ಆರಿಸಿ ತೊಟ್ಟಿಯನ್ನು ಕತ್ತಲು ಮಾಡುವುದೂ ಅದರ ಚಿಕಿತ್ಸೆಯ ಭಾಗ, ಏಕೆಂದರೆ ಆ ಪರಾವಲಂಬಿ ಬೆಳಕಿನಿಂದಲೂ ಆಹಾರ ಪಡೆಯುತ್ತದೆ. ಹುರುಪೆಗಳು ಎದ್ದು ಹೊಟ್ಟೆ ಊದಿಕೊಂಡಿದ್ದರೆ ಒಳ ಅಂಗಗಳು ಆಗಲೇ ಸೋತಿವೆಯೆಂದು ತಿಳಿಯಬೇಕು, ಅಂಥ ಮೀನು ಉಳಿಯುವುದು ಅಪರೂಪ. ಲಕ್ಷಣ ಯಾವುದೇ ಇರಲಿ, ಔಷಧದ ಬಾಟಲಿಗೆ ಕೈ ಹಾಕುವ ಮುಂಚೆ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ. ಎರಡರಲ್ಲಿ ಒಂದು ಸೊನ್ನೆಗಿಂತ ಮೇಲಿದ್ದರೂ ಮೊದಲು ನೀರು ಬದಲಿಸಿ.

ಬಿಳಿಚುಕ್ಕೆಯ ಚಿಕಿತ್ಸೆಯನ್ನು ಕೊನೆಯ ಚುಕ್ಕೆ ಮಾಯವಾದ ದಿನವೇ ನಿಲ್ಲಿಸುವುದು ಸಾಮಾನ್ಯ ತಪ್ಪು. ತಳದ ಕೋಶಗಳು ಇನ್ನೂ ಒಡೆಯುತ್ತಿರುತ್ತವೆ, ಆದ್ದರಿಂದ ಇನ್ನೊಂದು ವಾರ ಮುಂದುವರಿಸಿ. ಬಲೆ, ಬಕೆಟ್ಟುಗಳನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ನಂತರ ನಾಲ್ಕು ವಾರ ಯಾವ ಹೊಸ ಮೀನನ್ನೂ ಆ ತೊಟ್ಟಿಗೆ ಸೇರಿಸಬೇಡಿ.